ಶಿಖರಕ್ಕೆ ಹೊರೆ ಹೊತ್ತವರು: ತೇನ್‌ಸಿಂಗ್ ನೋರ್ಗೆ ಮತ್ತು ಒಂದು ತಂಡದ ಗೆಲುವು

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು

ನಮ್ಮ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಕೇಳಿದರು. ನನಗೆ ಕಥೆ, ಕವಿತೆ ಬರೆದು ಅಭ್ಯಾಸವಿಲ್ಲ. ನಾನು ಸಾಫ್ಟ್‌ವೇರ್ ಇಂಜಿನಿಯರ್. ಓದು ಮುಗಿದಂದಿನಿಂದ ತಂಡಗಳಲ್ಲೇ ದುಡಿಯುತ್ತಾ ಬಂದವನು. ನಮ್ಮ ಕೆಲಸದಲ್ಲಿ ಒಬ್ಬನೇ ಕುಳಿತು ಮುಗಿಸುವಂಥದ್ದು ಏನೂ ಇಲ್ಲ. ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆ, ಮತ್ತೊಬ್ಬರು ಸರ್ವರ್ ನೋಡಿಕೊಳ್ಳುತ್ತಾರೆ, ಗ್ರಾಹಕರು ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಉತ್ತರ ಕೊಡಲು ಬೇರೊಬ್ಬರು ಎಚ್ಚರವಿರುತ್ತಾರೆ. ತಂಡವಾಗಿ ಕೆಲಸ ಮಾಡುವುದು ಹೇಗೆಂದು ಕಂಪನಿಗಳಲ್ಲಿ ತರಬೇತಿ ಕೊಡುತ್ತಾರೆ. ಆಟ ಆಡಿಸುತ್ತಾರೆ, ಚಾರ್ಟ್ ತೋರಿಸುತ್ತಾರೆ. ಅವೆಲ್ಲಕ್ಕಿಂತ ಹೆಚ್ಚಾಗಿ ನನಗೆ ಪಾಠ ಕಲಿಸಿದ್ದು ಒಬ್ಬ ವ್ಯಕ್ತಿಯ ಬದುಕು. ಅವರು ಶಾಲೆಯಲ್ಲಿ ಓದು ಬರಹ ಕಲಿತವರಲ್ಲ. ಅವರ ಹೆಸರು ಮಾತ್ರ ನಮ್ಮಲ್ಲಿ ಎಲ್ಲರಿಗೂ ಗೊತ್ತು: ತೇನ್‌ಸಿಂಗ್ ನೋರ್ಗೆ.

ಶಾಲೆಯ ರಸಪ್ರಶ್ನೆಯಲ್ಲಿ ಇದು ಒಂದು ಅಂಕದ ಪ್ರಶ್ನೆ. ಎವರೆಸ್ಟ್ ಶಿಖರವನ್ನು ಮೊದಲು ಏರಿದವರು ಯಾರು? ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ನೋರ್ಗೆ, 1953. ಉತ್ತರ ಸರಿ, ಅಂಕವೂ ಸಿಗುತ್ತದೆ. ಆದರೆ ಆ ಎರಡು ಹೆಸರುಗಳ ಕೆಳಗೆ ನೂರಾರು ಜನ ನಿಂತಿದ್ದಾರೆ. ಅವರನ್ನು ಬಿಟ್ಟು ತೇನ್‌ಸಿಂಗರ ಕಥೆ ಹೇಳಲು ಬರುವುದಿಲ್ಲ.

ಯಾಕ್ ಕಾಯುತ್ತಿದ್ದ ಹುಡುಗ

ತೇನ್‌ಸಿಂಗ್ ಹುಟ್ಟಿದ್ದು 1914ರಲ್ಲಿ. ಹುಟ್ಟಿದ ತಾರೀಕನ್ನು ಯಾರೂ ಬರೆದಿಟ್ಟಿರಲಿಲ್ಲ. ಬೆಳೆದದ್ದು ಎವರೆಸ್ಟಿನ ಬುಡದಲ್ಲಿರುವ ನೇಪಾಳದ ಖುಂಬು ಸೀಮೆಯ ಥಾಮೆ ಎಂಬ ಹಳ್ಳಿಯಲ್ಲಿ. ಹದಿಮೂರು ಮಕ್ಕಳಲ್ಲಿ ಅವರು ಹನ್ನೊಂದನೆಯವರು. ಆ ಮಕ್ಕಳಲ್ಲಿ ಬದುಕುಳಿದವರು ಕೆಲವರೇ. ನಮ್ಮೂರಿನ ಹುಡುಗರು ದನ ಕಾಯುವಂತೆ ಅವರು ಬೆಟ್ಟದ ಮೇಲೆ ಯಾಕ್ ಕಾಯುತ್ತಿದ್ದರು. ಓದಲೆಂದು ಮನೆಯವರು ಬೌದ್ಧ ಮಠಕ್ಕೆ ಕಳುಹಿಸಿದರು. ಅಲ್ಲಿ ಒಬ್ಬ ಲಾಮಾ ತಲೆಗೆ ಹೊಡೆದಾಗ ಹುಡುಗ ಮನೆಗೆ ಓಡಿಬಂದ. ಅಲ್ಲಿಗೆ ಅವರ ವಿದ್ಯಾಭ್ಯಾಸ ಮುಗಿಯಿತು. ಮುಂದೆ ಅವರು ಹಲವು ಭಾಷೆಗಳನ್ನು ಮಾತನಾಡಲು ಕಲಿತರು, ಸಹಿ ಮಾಡಲು ಕಲಿತರು. ಓದಲು, ಬರೆಯಲು ಕಲಿಯಲೇ ಇಲ್ಲ.

ಸುಮಾರು ಹದಿನೆಂಟನೆಯ ವಯಸ್ಸಿನಲ್ಲಿ ಅವರು ಮನೆ ಬಿಟ್ಟು ಡಾರ್ಜಿಲಿಂಗಿಗೆ ಬಂದರು. ಆಗ ನೇಪಾಳದ ಬಾಗಿಲು ಹೊರದೇಶದವರಿಗೆ ಮುಚ್ಚಿತ್ತು. ಎವರೆಸ್ಟ್ ಏರಲು ಬರುತ್ತಿದ್ದ ಬ್ರಿಟಿಷ್ ತಂಡಗಳು ಡಾರ್ಜಿಲಿಂಗಿನಲ್ಲಿ ಶೆರ್ಪಾ ಕೂಲಿಗಳನ್ನು ಆರಿಸಿಕೊಂಡು ಟಿಬೆಟ್ ಮೂಲಕ ಹೋಗುತ್ತಿದ್ದವು. 1933ರ ತಂಡಕ್ಕೆ ತೇನ್‌ಸಿಂಗ್ ಆಯ್ಕೆಯಾಗಲಿಲ್ಲ. 1935ರಲ್ಲಿ ಎರಿಕ್ ಶಿಪ್ಟನ್ ಎಂಬ ನಾಯಕರು, ಈ ಯುವಕನ ನಗುಮುಖ ನೋಡಿ ಕೊನೆಯ ಗಳಿಗೆಯಲ್ಲಿ ಸೇರಿಸಿಕೊಂಡರೆಂದು ಹೇಳುತ್ತಾರೆ. ಕೂಲಿ ದಿನಕ್ಕೆ 12 ಆಣೆ, ಹಿಮದ ಗೆರೆ ದಾಟಿ ಮೇಲೆ ಹೋದರೆ ಒಂದು ರೂಪಾಯಿ.

ಕೂಲಿಯವರಿಂದ ಜೊತೆಗಾರರವರೆಗೆ

1935, 1936, 1938ರಲ್ಲಿ ಮೂರು ಬಾರಿ ಅವರು ಬ್ರಿಟಿಷ್ ತಂಡಗಳ ಜೊತೆ ಎವರೆಸ್ಟಿಗೆ ಹೋದರು. 1938ರಲ್ಲಿ ಸುಮಾರು 8,290 ಮೀಟರ್ ಎತ್ತರದ ಬಿಡಾರದವರೆಗೆ ಹೊರೆ ಹೊತ್ತು ಹೋಗಿ, ಒಳ್ಳೆಯ ಶೆರ್ಪಾಗಳಿಗೆ ಕೊಡುತ್ತಿದ್ದ ಟೈಗರ್ ಎಂಬ ಪದಕ ಪಡೆದರು. ಆದರೂ ಅವರು ಹೊರೆಯವರೇ. ಶಿಖರ ಮುಟ್ಟುವ ಅವಕಾಶ ಸಾಹೇಬರಿಗೆ ಮಾತ್ರ ಎಂಬುದು ಆಗಿನ ಪದ್ಧತಿ. ಎರಡನೆಯ ಮಹಾಯುದ್ಧದ ವರ್ಷಗಳನ್ನು ಅವರು ದೂರದ ಚಿತ್ರಾಲಿನಲ್ಲಿ ಸೈನ್ಯಾಧಿಕಾರಿಗಳ ಬಳಿ ಕೆಲಸ ಮಾಡುತ್ತಾ ಕಳೆದರು. ಮೊದಲ ಹೆಂಡತಿ ಅಲ್ಲೇ ತೀರಿಕೊಂಡರು. ಇಬ್ಬರು ಪುಟ್ಟ ಹೆಣ್ಣುಮಕ್ಕಳೊಡನೆ ಡಾರ್ಜಿಲಿಂಗಿಗೆ ಮರಳಿ ಬದುಕನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು.

ಅವರ ಬದುಕು ತಿರುಗಿದ್ದು 1952ರಲ್ಲಿ. ಆ ಹೊತ್ತಿಗೆ ನೇಪಾಳದ ದಾರಿ ತೆರೆದಿತ್ತು. ಆ ವರ್ಷ ಸ್ವಿಟ್ಜರ್ಲೆಂಡಿನ ತಂಡ ಬಂತು. ತೇನ್‌ಸಿಂಗ್ ಅದರ ಸರ್ದಾರ್, ಅಂದರೆ ಶೆರ್ಪಾಗಳ ಮೇಸ್ತ್ರಿ. ಆದರೆ ಸ್ವಿಸ್ಸರು ಅವರನ್ನು ಕೂಲಿಯವರಂತೆ ನೋಡದೆ ಸಮಾನರಂತೆ ನಡೆಸಿಕೊಂಡರು. ರೇಮಂಡ್ ಲ್ಯಾಂಬರ್ಟ್ ಎಂಬುವರೊಡನೆ ಅವರನ್ನು ಒಂದೇ ಹಗ್ಗಕ್ಕೆ ಕಟ್ಟಿ ಶಿಖರದ ಕಡೆಗೆ ಕಳುಹಿಸಿದರು. ಲ್ಯಾಂಬರ್ಟ್ ಹಿಂದೊಮ್ಮೆ ಹಿಮಕ್ಕೆ ಸಿಕ್ಕಿ ಕಾಲಿನ ಬೆರಳುಗಳನ್ನೆಲ್ಲ ಕಳೆದುಕೊಂಡವರು. ಇವರಿಗೆ ಅವರ ಫ್ರೆಂಚ್ ಬರದು, ಅವರಿಗೆ ಇವರ ಭಾಷೆ ಬರದು. ಕೈಸನ್ನೆ ಮತ್ತು ನಗುವಿನಲ್ಲೇ ಮಾತು. ಒಂದು ರಾತ್ರಿ ಮಲಗುವ ಚೀಲವಿಲ್ಲದೆ, ಒಲೆಯಿಲ್ಲದೆ, ಮೇಣದಬತ್ತಿಯ ಮೇಲೆ ಮಂಜಿನ ಚೂರು ಕರಗಿಸಿ ಗುಟುಕು ನೀರು ಕುಡಿದು, ಒಬ್ಬರನ್ನೊಬ್ಬರು ತಟ್ಟಿ ಎಚ್ಚರವಾಗಿರಿಸಿಕೊಂಡು ಬೆಳಗು ಮಾಡಿದರು. ಮರುದಿನ ಸುಮಾರು 8,600 ಮೀಟರ್ ತಲುಪಿದರು. ಅಲ್ಲಿಯವರೆಗೆ ಮನುಷ್ಯರು ಏರಿದ್ದ ಎತ್ತರಗಳಲ್ಲಿ ಅದೇ ದೊಡ್ಡದು. ಶಿಖರ ಇನ್ನೂ ಸುಮಾರು 250 ಮೀಟರ್ ಮೇಲಿರುವಾಗ ಹಿಂತಿರುಗಿದರು.

ಸೋಲು ಸೋಲೇ. ಆದರೆ ಹದಿನೇಳು ವರ್ಷ ಹೊರೆ ಹೊತ್ತವರು ಅಂದು ಮೊದಲ ಬಾರಿಗೆ ಜೊತೆಗಾರರಾದರು. ಲ್ಯಾಂಬರ್ಟ್ ಕೊಟ್ಟ ಕೆಂಪು ಸ್ಕಾರ್ಫನ್ನು ತೇನ್‌ಸಿಂಗ್ ಜೋಪಾನವಾಗಿಟ್ಟುಕೊಂಡರು.

ಕಠ್ಮಂಡುವಿನ ಗ್ಯಾರೇಜು

1953ರಲ್ಲಿ ಕರ್ನಲ್ ಜಾನ್ ಹಂಟ್ ನಾಯಕತ್ವದಲ್ಲಿ ಬ್ರಿಟಿಷ್ ತಂಡ ಬಂತು. ತೇನ್‌ಸಿಂಗ್ ಶೆರ್ಪಾಗಳ ಸರ್ದಾರ್ ಆಗಿಯೂ, ಶಿಖರ ಏರುವ ತಂಡದ ಪೂರ್ಣ ಸದಸ್ಯರಾಗಿಯೂ ಸೇರಿದರು. ಎವರೆಸ್ಟಿಗೆ ಇದು ಅವರ ಏಳನೆಯ ಪ್ರಯತ್ನ. ವಯಸ್ಸು ಮೂವತ್ತೊಂಬತ್ತು.

ಹೊರಡುವ ಮೊದಲೇ ತಂಡದಲ್ಲಿ ಬಿರುಕು ಕಾಣಿಸಿತು. ಕಠ್ಮಂಡುವಿನಲ್ಲಿ ಬ್ರಿಟಿಷ್ ಸದಸ್ಯರಿಗೆ ರಾಯಭಾರ ಕಚೇರಿಯಲ್ಲಿ ಕೋಣೆಗಳು ಸಿಕ್ಕವು. ಶೆರ್ಪಾಗಳಿಗೆ ಸಿಕ್ಕಿದ್ದು ಒಂದು ಗ್ಯಾರೇಜು. ಹಿಂದೆ ಅದು ಕುದುರೆ ಲಾಯವಾಗಿತ್ತು. ಶೌಚಾಲಯವೂ ಇರಲಿಲ್ಲ. ಹಿಂದಿನ ವರ್ಷ ಸ್ವಿಸ್ಸರ ಜೊತೆ ಸಮಾನರಾಗಿ ಉಂಡು ಮಲಗಿದ್ದ ಶೆರ್ಪಾಗಳಿಗೆ ಇದು ಅವಮಾನವಾಯಿತು. ಮರುದಿನ ಬೆಳಿಗ್ಗೆ ಅವರು ರಾಯಭಾರ ಕಚೇರಿಯ ಎದುರಿನ ರಸ್ತೆಯನ್ನೇ ಶೌಚಾಲಯ ಮಾಡಿಕೊಂಡು ತಮ್ಮ ಸಿಟ್ಟು ತೋರಿಸಿದರು. ಕಚೇರಿಯವರು ಕೆಂಡವಾದರು. ಪತ್ರಿಕೆಯವರಿಗೆ ಸುದ್ದಿಯಾಯಿತು.

ತೇನ್‌ಸಿಂಗ್ ಇಬ್ಬರ ನಡುವೆ ಸಿಕ್ಕಿಕೊಂಡರು. ತಮ್ಮವರ ನೋವು ನಿಜವೆಂದು ಅವರಿಗೆ ಗೊತ್ತಿತ್ತು. ಜಗಳ ಬೆಳೆದರೆ ಎವರೆಸ್ಟ್ ಕೈತಪ್ಪುತ್ತದೆ ಎಂಬುದೂ ಗೊತ್ತಿತ್ತು. ಅವರು ಶೆರ್ಪಾಗಳ ದೂರನ್ನು ಮುಚ್ಚಿಡಲಿಲ್ಲ, ಹಾಗೆಂದು ಸಾಹೇಬರ ಮೇಲೆ ಕತ್ತಿ ಮಸೆಯಲೂ ಇಲ್ಲ. ಎರಡೂ ಕಡೆ ಮಾತನಾಡಿ ಮುಂದಕ್ಕೆ ನಡೆಸಿದರು. ದಾರಿಯಲ್ಲಿ ಬಟ್ಟೆ ಮತ್ತು ಸಲಕರಣೆಗಳ ವಿಷಯದಲ್ಲಿ ಮತ್ತೆ ಅಸಮಾಧಾನ ಎದ್ದಾಗಲೂ ಅದೇ ಕೆಲಸ. ಹಂಟ್ ಕೂಡ ಕಿವಿಗೊಟ್ಟು ಕೇಳುವ ನಾಯಕರಾಗಿದ್ದರು.

ನಾನು ಈ ಘಟನೆಯನ್ನು ಬಿಡಿಸಿ ಬರೆಯಲು ಕಾರಣವಿದೆ. ತಂಡದ ಕೆಲಸ ಎಂದರೆ ಎಲ್ಲರೂ ನಗುನಗುತ್ತಾ ಇರುವುದು ಎಂದು ನಾವು ತಿಳಿಯುತ್ತೇವೆ. ಎವರೆಸ್ಟ್ ಗೆದ್ದ ತಂಡ ಹಾಗಿರಲಿಲ್ಲ. ಅಲ್ಲಿಯೂ ಮೇಲು ಕೀಳು ಇತ್ತು, ಮುನಿಸು ಇತ್ತು. ಆದರೆ ಮುನಿಸನ್ನು ಎದುರಿಗೇ ಹೇಳುವ ಜನರಿದ್ದರು, ಕೇಳುವ ನಾಯಕರಿದ್ದರು, ನಡುವೆ ಇಬ್ಬರಿಗೂ ಬೇಕಾದ ಒಬ್ಬ ಮನುಷ್ಯರಿದ್ದರು.

ಮೆಟ್ಟಿಲಿಗೊಬ್ಬರು

ಈಗ ಲೆಕ್ಕ ನೋಡಿ. ಕಠ್ಮಂಡು ಕಣಿವೆಯಿಂದ ಸಾಮಾನು ಹೊತ್ತು ಹೊರಟ ಕೂಲಿಗಳು ಸುಮಾರು 350. ಕೊನೆಗೆ ಶಿಖರದಲ್ಲಿ ನಿಂತವರು ಇಬ್ಬರು. ಆ ಇಬ್ಬರು ಬೆಳಿಗ್ಗೆ ಶಿಖರಕ್ಕೆ ಹೊರಡಬೇಕಾದರೆ ಹಿಂದಿನ ರಾತ್ರಿ 8,500 ಮೀಟರ್ ಎತ್ತರದಲ್ಲಿ ಒಂದು ಗುಡಾರ ಇರಬೇಕು. ಆ ಗುಡಾರ, ಒಲೆ, ಆಮ್ಲಜನಕದ ಸಿಲಿಂಡರ್ ಅಲ್ಲಿಗೆ ತಲುಪಬೇಕಾದರೆ 7,900 ಮೀಟರಿನ ಸೌತ್ ಕೋಲ್ ಎಂಬ ಕಣಿವೆಯಲ್ಲಿ ದೊಡ್ಡ ದಾಸ್ತಾನು ಇರಬೇಕು. ಅದಕ್ಕೆ ಲೋತ್ಸೆ ಪರ್ವತದ ಕಡಿದಾದ ಹಿಮಗೋಡೆಯಲ್ಲಿ ದಾರಿ ಕಡಿಯಬೇಕು. ಅದಕ್ಕೂ ಮೊದಲು, ದಿನವೂ ಕುಸಿದು ಬೀಳುವ ಖುಂಬು ಹಿಮಪಾತದ ದಾರಿಯನ್ನು ತೆರೆದಿಡಬೇಕು. ಒಂದು ಮೆಟ್ಟಿಲು ಜಾರಿದರೂ ಮೇಲಿನದ್ದೆಲ್ಲ ಬೀಳುತ್ತದೆ.

ಮೆಟ್ಟಿಲಿಗೊಬ್ಬರಂತೆ ಜನ ನಿಂತರು. ಹಿಮಪಾತದ ದಾರಿಯನ್ನು ಮೈಕೆಲ್ ವೆಸ್ಟ್‌ಮಕಾಟ್ ನೋಡಿಕೊಂಡರು. ಲೋತ್ಸೆ ಗೋಡೆಯಲ್ಲಿ ಜಾರ್ಜ್ ಲೋ ಶೆರ್ಪಾಗಳ ನೆರವಿನಿಂದ ದಿನಗಟ್ಟಲೆ ಮೆಟ್ಟಿಲು ಕಡಿದರು. ಗ್ರಿಫಿತ್ ಪ್ಯೂ ಎಂಬ ಶರೀರ ವಿಜ್ಞಾನಿ, ಅಷ್ಟು ಎತ್ತರದಲ್ಲಿ ದೇಹ ಒಣಗಿ ಸೋಲುತ್ತದೆ, ಆದ್ದರಿಂದ ಮೇಲಿನ ಬಿಡಾರಗಳಲ್ಲಿಯೂ ಹಿಮ ಕರಗಿಸಿ ಧಾರಾಳವಾಗಿ ಕುಡಿಯಬೇಕು ಎಂದು ಪಟ್ಟು ಹಿಡಿದು ವ್ಯವಸ್ಥೆ ಮಾಡಿಸಿದರು. ಹಿಂದಿನ ವರ್ಷದ ಮೇಣದಬತ್ತಿಯ ರಾತ್ರಿಯನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಸ್ವಿಸ್ಸರೂ ತಾವು ಸೋತು ಕಲಿತದ್ದನ್ನು ಬಚ್ಚಿಡದೆ ಬ್ರಿಟಿಷರಿಗೆ ಹೇಳಿಕೊಟ್ಟಿದ್ದರು.

ಏಪ್ರಿಲಿನಲ್ಲಿ ಹಿಮಪಾತದ ಹಾದಿಯಲ್ಲಿ ಹಿಲರಿ ಒಂದು ಬಿರುಕನ್ನು ಹಾರಿದಾಗ ಕಾಲಡಿಯ ಹಿಮ ಒಡೆದು ಒಳಗೆ ಬಿದ್ದರು. ಹಿಂದಿದ್ದ ತೇನ್‌ಸಿಂಗ್ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಮಗೊಡಲಿಯನ್ನು ನೆಲಕ್ಕೆ ನೆಟ್ಟು ಹಗ್ಗ ಸುತ್ತಿ ಹಿಡಿದರು. ಹಿಲರಿ ಬದುಕಿದರು. ಇವರಿಬ್ಬರೂ ಒಂದೇ ಹಗ್ಗದವರಾಗಲು ಆ ಘಟನೆಯೇ ದಾರಿಯಾಯಿತು.

ಮೇ 21ರಂದು ವಿಲ್ಫ್ರಿಡ್ ನಾಯ್ಸ್ ಮತ್ತು ಅನ್ನುಲ್ಲು ಎಂಬ ಶೆರ್ಪಾ ಸೌತ್ ಕೋಲ್ ತಲುಪಿ ದಾರಿ ತೆರೆದರು. ಹೊರೆ ಹೊರಬೇಕಿದ್ದ ಶೆರ್ಪಾಗಳು ಕೆಳಗಿನ ಬಿಡಾರದಲ್ಲಿ ದಣಿದು ಅಳುಕುತ್ತಿದ್ದಾಗ, ಶಿಖರಕ್ಕೆಂದು ಶಕ್ತಿ ಉಳಿಸಿಕೊಳ್ಳಬೇಕಾಗಿದ್ದ ಹಿಲರಿ ಮತ್ತು ತೇನ್‌ಸಿಂಗ್ ಮೇಲೆ ಹೋಗಿ ಅವರನ್ನು ಹುರಿದುಂಬಿಸಿದರು. ಮರುದಿನ ಅವರ ಜೊತೆಗೇ ಹತ್ತಿ ದಾಸ್ತಾನನ್ನು ಸೌತ್ ಕೋಲಿಗೆ ತಲುಪಿಸಿದರು.

ಹಿಂತಿರುಗಿದವರು

ಶಿಖರಕ್ಕೆ ಮೊದಲು ಹೊರಟ ಜೋಡಿ ತೇನ್‌ಸಿಂಗ್ ಮತ್ತು ಹಿಲರಿಯವರದ್ದಲ್ಲ. ಮೇ 26ರಂದು ಟಾಮ್ ಬೋರ್ಡಿಲನ್ ಮತ್ತು ಚಾರ್ಲ್ಸ್ ಇವಾನ್ಸ್ ಹೊರಟರು. ಬೋರ್ಡಿಲನ್ ಬಳಸಿದ ಆಮ್ಲಜನಕದ ಯಂತ್ರವನ್ನು ಅವರೇ ತಮ್ಮ ತಂದೆಯ ಜೊತೆ ಸೇರಿ ರೂಪಿಸಿದ್ದರು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ದಕ್ಷಿಣ ಶಿಖರ ಮುಟ್ಟಿದರು. ಅಲ್ಲಿಂದ ತುದಿಗೆ ಎತ್ತರದಲ್ಲಿ ಉಳಿದದ್ದು ಸುಮಾರು ನೂರು ಮೀಟರ್. ಕಣ್ಣೆದುರಿಗೇ ಎವರೆಸ್ಟ್. ಆದರೆ ಹೊತ್ತು ಮೀರಿತ್ತು, ಆಮ್ಲಜನಕ ಸಾಲುತ್ತಿರಲಿಲ್ಲ. ಹಿಂತಿರುಗಿದರು. ದಣಿದು ಬಿದ್ದು ಎದ್ದು ಕೆಳಗೆ ಬಂದವರು, ಮುಂದಿನ ಜೋಡಿಗೆ ದಾರಿ ಹೇಗಿದೆಯೆಂದು ವಿವರಿಸಿದರು. ಬರುವ ದಾರಿಯಲ್ಲಿ ಇನ್ನೂ ಸ್ವಲ್ಪ ಉಳಿದಿದ್ದ ಎರಡು ಆಮ್ಲಜನಕದ ಸಿಲಿಂಡರುಗಳನ್ನು ಮೇಲೆಯೇ ಬಿಟ್ಟಿದ್ದರು. ಅದೇ ದಿನ ನಾಯಕ ಹಂಟ್ ಮತ್ತು ದಾ ನಮ್‌ಗ್ಯಾಲ್ ಎಂಬ ಶೆರ್ಪಾ, ಇನ್ನೊಂದು ಬಿಡಾರಕ್ಕೆ ಬೇಕಾದ ಸಾಮಾನನ್ನು ಸಾಧ್ಯವಾದಷ್ಟು ಎತ್ತರಕ್ಕೆ ಹೊತ್ತು ಇಟ್ಟು ಬಂದರು. ತಂಡದ ನಾಯಕರೇ ಹೊರೆ ಹೊತ್ತರು ಎಂಬುದನ್ನು ಗಮನಿಸಬೇಕು.

ಮೇ 28ರಂದು ಮೇಲಿನ ಗುಡಾರಕ್ಕೆ ಸಾಮಾನು ಹೊರಬೇಕಾಗಿದ್ದ ಶೆರ್ಪಾಗಳಲ್ಲಿ ಕಾಯಿಲೆಯಿಲ್ಲದೆ ಉಳಿದವರು ಆಂಗ್ ನೀಮಾ ಒಬ್ಬರೇ. ಆದ್ದರಿಂದ ಜಾರ್ಜ್ ಲೋ, ಆಲ್ಫ್ರೆಡ್ ಗ್ರೆಗರಿ, ಆಂಗ್ ನೀಮಾ ಮತ್ತು ಶಿಖರಕ್ಕೆ ಹೋಗಬೇಕಿದ್ದ ಇಬ್ಬರು, ಐವರೂ ಹೊರೆ ಹಂಚಿಕೊಂಡರು. ದಾರಿಯಲ್ಲಿ ಹಂಟ್ ಇಟ್ಟಿದ್ದ ಸಾಮಾನನ್ನೂ ಹೆಗಲಿಗೇರಿಸಿದರು. ಸುಮಾರು 8,500 ಮೀಟರ್ ಎತ್ತರದಲ್ಲಿ ಹೊರೆ ಇಳಿಸಿ, ಲೋ, ಗ್ರೆಗರಿ, ಆಂಗ್ ನೀಮಾ ಕೆಳಗಿಳಿದರು. ಇಬ್ಬರು ಉಳಿದರು.

ಮೇ 29

ಬೆಳಗಿನ ಜಾವ ಆಕಾಶ ತಿಳಿಯಾಗಿತ್ತು. ಬಹಳ ಕೆಳಗೆ ತೆಂಗ್‌ಬೋಚೆ ಮಠ ಕಾಣುತ್ತಿತ್ತು. ತೇನ್‌ಸಿಂಗ್ ಅದನ್ನು ಹಿಲರಿಗೆ ತೋರಿಸಿದರು. ಹಿಲರಿಯ ಬೂಟುಗಳು ರಾತ್ರಿ ಕಲ್ಲಿನಂತೆ ಹೆಪ್ಪುಗಟ್ಟಿದ್ದವು. ಒಲೆಯ ಮೇಲೆ ಹಿಡಿದು ಮೆದು ಮಾಡಲು ಎರಡು ಗಂಟೆ ಹಿಡಿಯಿತು. ಆರೂವರೆಗೆ ಹೊರಟರು. ತೇನ್‌ಸಿಂಗರ ಕೊರಳಲ್ಲಿ ಲ್ಯಾಂಬರ್ಟ್ ಕೊಟ್ಟ ಕೆಂಪು ಸ್ಕಾರ್ಫ್ ಇತ್ತು. ಒಂಬತ್ತು ಗಂಟೆಗೆ ದಕ್ಷಿಣ ಶಿಖರ. ಅಲ್ಲಿಂದ ಮುಂದೆ ಯಾರೂ ಕಾಲಿಡದ ಹಿಮದ ಏಣು. ಸರದಿಯ ಮೇಲೆ ಒಬ್ಬರು ಹಗ್ಗ ಹಿಡಿಯುವುದು, ಇನ್ನೊಬ್ಬರು ಹೆಜ್ಜೆ ಹಾಕುವುದು. ಹನ್ನೊಂದೂವರೆಗೆ ಮುಂದೆ ಏರಲು ಏನೂ ಉಳಿದಿರಲಿಲ್ಲ.

ಹಿಲರಿ ಕೈ ಕುಲುಕಲು ಕೈ ಚಾಚಿದರು. ತೇನ್‌ಸಿಂಗ್ ಅವರನ್ನು ತಬ್ಬಿಕೊಂಡು ಬೆನ್ನು ತಟ್ಟಿದರು. ಹಿಮಗೊಡಲಿಗೆ ಕಟ್ಟಿದ್ದ ವಿಶ್ವಸಂಸ್ಥೆ, ಬ್ರಿಟನ್, ನೇಪಾಳ ಮತ್ತು ಭಾರತದ ಬಾವುಟಗಳನ್ನು ಎತ್ತಿ ಹಿಡಿದರು. ಜಗತ್ತು ನೋಡಿದ ಆ ಪ್ರಸಿದ್ಧ ಚಿತ್ರದಲ್ಲಿರುವುದು ತೇನ್‌ಸಿಂಗ್. ತೆಗೆದವರು ಹಿಲರಿ. ಹಿಲರಿ ಶಿಖರದಲ್ಲಿ ನಿಂತ ಚಿತ್ರ ಇಲ್ಲವೇ ಇಲ್ಲ. ತೇನ್‌ಸಿಂಗ್ ಹಿಮದಲ್ಲಿ ಒಂದಿಷ್ಟು ಸಿಹಿತಿಂಡಿ ಮತ್ತು ಮಗಳು ನೀಮಾ ಕೊಟ್ಟಿದ್ದ ಪೆನ್ಸಿಲನ್ನು ಹೂತಿಟ್ಟರು. ಓದು ಬಾರದ ತಂದೆ ದೇವರ ಮನೆಯಂಥ ಆ ಜಾಗದಲ್ಲಿ ಮಗಳ ಪೆನ್ಸಿಲ್ ಅರ್ಪಿಸಿದರು.

ಹದಿನೈದು ನಿಮಿಷ ಅಲ್ಲಿದ್ದು ಇಳಿಯತೊಡಗಿದರು. ದಾರಿಯಲ್ಲಿ, ಮೂರು ದಿನ ಹಿಂದೆ ಬೋರ್ಡಿಲನ್ ಮತ್ತು ಇವಾನ್ಸ್ ಬಿಟ್ಟಿದ್ದ ಸಿಲಿಂಡರುಗಳು ಉಸಿರಿಗೆ ಒದಗಿದವು. ಸೌತ್ ಕೋಲಿನ ಮೇಲೆ ಲೋ ಬಿಸಿ ಸೂಪು ಹಿಡಿದುಕೊಂಡು ಎದುರು ಬಂದರು. ಗೆದ್ದವರನ್ನು ಬದುಕಿಸಿ ಕೆಳಗೆ ತಂದಿದ್ದರಲ್ಲಿ ಗೆಲ್ಲದೆ ಹಿಂತಿರುಗಿದವರ ಪಾಲು ಹೀಗಿತ್ತು.

ಮೊದಲು ಯಾರು?

ಕೆಳಗಿಳಿದ ಕೂಡಲೇ ಬೇರೊಂದು ಬೆಟ್ಟ ಎದುರಾಯಿತು. ಶಿಖರದ ಮೇಲೆ ಮೊದಲು ಹೆಜ್ಜೆ ಇಟ್ಟವರು ಯಾರು? ಕಠ್ಮಂಡುವಿನಲ್ಲಿ ಮೆರವಣಿಗೆ. ತೇನ್‌ಸಿಂಗ್ ತುದಿಯಲ್ಲಿ ನಿಂತು ಹಿಲರಿಯನ್ನು ಹಗ್ಗದಿಂದ ಎಳೆಯುವ ಚಿತ್ರಗಳು ಬೀದಿಯಲ್ಲಿ. ನೇಪಾಳ ನಮ್ಮವನೆಂದಿತು, ಭಾರತ ನಮ್ಮವನೆಂದಿತು. ಹಿಲರಿ ಮತ್ತು ಹಂಟ್ ಅವರಿಗೆ ಬ್ರಿಟಿಷ್ ರಾಣಿಯಿಂದ ಸರ್ ಪದವಿ ಸಿಕ್ಕಿತು. ತೇನ್‌ಸಿಂಗರಿಗೆ ಸಿಕ್ಕಿದ್ದು ಜಾರ್ಜ್ ಪದಕ. ಜನರಿಗೆ ಇದು ನೋವುಂಟುಮಾಡಿತು. ಒಡೆಯುವವರಿಗೆ ಬೇಕಾದಷ್ಟು ಅವಕಾಶವಿತ್ತು.

ಇಬ್ಬರೂ ಸಹಿ ಹಾಕಿ ಹೇಳಿಕೆ ಕೊಟ್ಟರು: ನಾವು ಹೆಚ್ಚುಕಡಿಮೆ ಒಟ್ಟಿಗೇ ತಲುಪಿದೆವು ಎಂದು. ಆದರೂ ಪ್ರಶ್ನೆ ನಿಲ್ಲಲಿಲ್ಲ. ಎರಡು ವರ್ಷದ ನಂತರ, 1955ರಲ್ಲಿ ಹೊರಬಂದ ತಮ್ಮ ಆತ್ಮಕಥೆಯಲ್ಲಿ ತೇನ್‌ಸಿಂಗ್ ತಾವಾಗಿಯೇ ಸತ್ಯ ಹೇಳಿದರು. ಹಿಲರಿ ಮೊದಲು ಹೆಜ್ಜೆ ಇಟ್ಟರು, ತಾವು ಹಿಂದಿನಿಂದ ಹತ್ತಿದರು. ತಮ್ಮ ಜನ ತಾವೇ ಮೊದಲಿಗರೆಂದು ನಂಬಿ ಹೂಮಾಲೆ ಹಾಕುತ್ತಿರುವಾಗ ಹೀಗೆ ಹೇಳುವುದು ಸಣ್ಣ ಮಾತಲ್ಲ. ಒಂದೇ ಹಗ್ಗದಲ್ಲಿ ಕೆಲವೇ ಅಡಿ ಅಂತರದಲ್ಲಿ ಹತ್ತುವ ಇಬ್ಬರಲ್ಲಿ ಮೊದಲು ಎರಡನೆಯದು ಎಂಬ ಲೆಕ್ಕಕ್ಕೆ ಅರ್ಥವಿಲ್ಲ ಎಂಬುದು ಅವರ ನಿಲುವು. ಎರಡನೆಯವನಾಗಿ ಹತ್ತಿದ್ದು ನಾಚಿಕೆಯ ವಿಷಯವೆಂದು ಅವರಿಗೆ ಅನ್ನಿಸಲಿಲ್ಲ.

ಕಲಿಸುವ ಕೆಲಸ

ಪ್ರಧಾನಿ ನೆಹರು ತೇನ್‌ಸಿಂಗರನ್ನು ಮಗನಂತೆ ಕಂಡರು. 1954ರಲ್ಲಿ ಡಾರ್ಜಿಲಿಂಗಿನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಆರಂಭವಾದಾಗ ತೇನ್‌ಸಿಂಗ್ ಅದರ ಕ್ಷೇತ್ರ ತರಬೇತಿಯ ನಿರ್ದೇಶಕರಾದರು. 1976ರವರೆಗೆ ಅಲ್ಲೇ ಕೆಲಸ ಮಾಡಿ, ಹಗ್ಗ ಕಟ್ಟುವುದು, ಜೊತೆಗಾರರನ್ನು ಹಿಡಿಯುವುದು, ಹಿಂತಿರುಗಬೇಕಾದ ಹೊತ್ತನ್ನು ಅರಿಯುವುದು, ಇವನ್ನೆಲ್ಲ ಹೊಸಬರಿಗೆ ಕಲಿಸಿದರು. 1953ರಲ್ಲಿ ಹುಡುಗನಾಗಿ ಹೊರೆ ಹೊತ್ತಿದ್ದ ಅವರ ಸೋದರಳಿಯ ನವಾಂಗ್ ಗೊಂಬು ಮುಂದೆ 1963 ಮತ್ತು 1965ರಲ್ಲಿ ಎರಡು ಬಾರಿ ಎವರೆಸ್ಟ್ ಏರಿದ ಮೊದಲಿಗರಾದರು. 1959ರಲ್ಲಿ ಭಾರತ ಸರ್ಕಾರ ತೇನ್‌ಸಿಂಗರಿಗೆ ಪದ್ಮಭೂಷಣ ನೀಡಿತು. 1986ರ ಮೇ 9ರಂದು ಅವರು ಡಾರ್ಜಿಲಿಂಗಿನಲ್ಲಿ ತೀರಿಕೊಂಡರು.

ನಮಗೆ ಇದರಿಂದ ಏನು?

ತಂಡ ಗೆಲ್ಲಬೇಕಾದರೆ ಮೂರು ವಸ್ತುಗಳನ್ನು ಹಂಚಿಕೊಳ್ಳಬೇಕು ಎಂದು ಈ ಬದುಕಿನಿಂದ ನಾನು ತಿಳಿದೆ. ಹೊರೆ, ಮರ್ಯಾದೆ ಮತ್ತು ಹೆಸರು. ಹೊರೆ ಹಂಚುವುದು ಸುಲಭ. ಎಲ್ಲ ಕಂಪನಿಗಳೂ, ಎಲ್ಲ ಕಚೇರಿಗಳೂ ಅದನ್ನು ಚೆನ್ನಾಗಿ ಮಾಡುತ್ತವೆ. ಎಡವುವುದು ಉಳಿದೆರಡರಲ್ಲಿ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ತಿಂಗಳುಗಟ್ಟಲೆ ದುಡಿದು ಮುಗಿಸಿದ ಯೋಜನೆಗೆ ದೊಡ್ಡ ಸಭೆಯಲ್ಲಿ ಒಬ್ಬರ ಹೆಸರನ್ನು ಮಾತ್ರ ಕರೆದು ಚಪ್ಪಾಳೆ ತಟ್ಟಿದರು. ರಾತ್ರಿ ಹಗಲು ಕೂತು ತಪ್ಪು ಹುಡುಕಿದ ಪರೀಕ್ಷಕರ ಹೆಸರು ಬರಲಿಲ್ಲ. ಅವರು ಜಗಳ ಮಾಡಲಿಲ್ಲ. ಮುಂದಿನ ಯೋಜನೆಯಲ್ಲಿ ಹೇಳಿದಷ್ಟು ಮಾಡಿದರು, ಒಂದಿಷ್ಟೂ ಹೆಚ್ಚು ಮಾಡಲಿಲ್ಲ. ಆ ಹೆಚ್ಚಿನ ಒಂದಿಷ್ಟರ ಮೇಲೆಯೇ ತಂಡ ನಿಂತಿರುತ್ತದೆ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು. ಬೋರ್ಡಿಲನ್ ಬಿಟ್ಟುಹೋದ ಸಿಲಿಂಡರ್, ಲೋ ತಂದ ಸೂಪು, ಇವೆಲ್ಲ ಆ ಹೆಚ್ಚಿನ ಒಂದಿಷ್ಟು.

ಊರಿನವರಿಗೆ ಇದನ್ನು ನಾನು ಹೇಳಬೇಕಾಗಿಯೇ ಇಲ್ಲ. ಜಾತ್ರೆಯಲ್ಲಿ ತೇರು ಎಳೆಯುವಾಗ ಹಗ್ಗ ಹಿಡಿದವರು ಎಲ್ಲರಿಗೂ ಕಾಣುತ್ತಾರೆ. ಗಾಲಿಯ ಬಳಿ ಬಗ್ಗಿ ಸನ್ನೆ ಹಾಕುವವರು ಕಾಣುವುದಿಲ್ಲ. ಅವರು ಕೈಬಿಟ್ಟರೆ ತೇರು ಒಂದಡಿ ಮುಂದೆ ಹೋಗದು.

ನಮ್ಮ ಶಾಲೆಯ ಐವತ್ತು ವರ್ಷವೂ ಹೀಗೆಯೇ ಸಾಗಿ ಬಂದಿದೆ. ಹೆಚ್ಚು ಅಂಕ ಪಡೆದವರ ಹೆಸರು ಫಲಕದ ಮೇಲೆ ಇದೆ. ಇರಬೇಕು. ಅದರ ಹಿಂದೆ, ಪಾಠ ಮುಗಿದ ಮೇಲೂ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟ ಗುರುಗಳಿದ್ದಾರೆ. ಗಂಟೆ ಬಾರಿಸಿದವರು, ಕಸ ಗುಡಿಸಿದವರು, ಬಿಸಿಯೂಟ ಬಡಿಸಿದ ತಾಯಂದಿರಿದ್ದಾರೆ. ಒಂದು ಹೊತ್ತಿನ ಕೂಲಿ ಬಿಟ್ಟು ಮಕ್ಕಳನ್ನು ಶಾಲೆಗೆ ಸೇರಿಸಲು ಬಂದ ತಂದೆತಾಯಿಗಳಿದ್ದಾರೆ. ನನ್ನಂಥವರು ಇಂದು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಒಂದು ಎತ್ತರದಲ್ಲಿ ನಿಂತಿದ್ದರೆ, ಅಲ್ಲಿಯವರೆಗೆ ನಮ್ಮ ಹೊರೆ ಹೊತ್ತವರು ಇವರೇ.

ಈಗ ಓದುತ್ತಿರುವ ತಮ್ಮ ತಂಗಿಯರಿಗೆ ಒಂದೇ ಮಾತು. ಮುಂದೆ ನೀವು ಯಾವ ಕೆಲಸಕ್ಕೆ ಹೋದರೂ ಒಂದು ತಂಡದಲ್ಲಿಯೇ ಇರುತ್ತೀರಿ. ಕೆಲವೊಮ್ಮೆ ತುದಿಗೆ ಹೋಗುವ ಸರದಿ ನಿಮ್ಮದಾಗುತ್ತದೆ, ಹಲವು ಬಾರಿ ಹೊರೆ ಇಳಿಸಿ ಹಿಂತಿರುಗುವ ಸರದಿ ನಿಮ್ಮದು. ಎರಡನ್ನೂ ಮನಸ್ಸಿಟ್ಟು ಮಾಡಿ. ತುದಿ ತಲುಪಿದ ದಿನ, ಜೊತೆಗಿದ್ದವರ ಹೆಸರನ್ನು ನೀವೇ ಮೊದಲು ಹೇಳಿ.

ನಮ್ಮ ಶಾಲೆ ನೂರು ವರ್ಷ ಕಾಣಲಿ ಎಂದು ಹಾರೈಸುತ್ತೇನೆ.